ಕಬ್ಬಿಣದ ಕೈಯ ಮಾಯಾವಿಗೆ ಈಗಲೂ ಓದುಗರಿದ್ದಾರೆ

ಚೆನ್ನೈನಲ್ಲಿ ಕಾಮಿಕ್ಸ್ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಒಂದೊಂದು ತಲೆಮಾರಿನವರು ಒಂದೊಂದು ಜಾಗ ಹೇಳುತ್ತಾರೆ. ವಯಸ್ಸಾದವರು ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲಿದ್ದ ಮೂರ್ ಮಾರ್ಕೆಟ್ ನೆನೆಯುತ್ತಾರೆ. ಅವರಿಗಿಂತ ಕಿರಿಯರಿಗೆ ಮೈಲಾಪುರದ ಲಜ್ ಕಾರ್ನರಿನ ಫುಟ್‌ಪಾತ್ ಮತ್ತು ರಾಯಪೇಟೆಯ ಬಾಡಿಗೆ ಲೈಬ್ರರಿ. ಇಂಗ್ಲಿಷ್ ಕಾಮಿಕ್ಸ್ ಓದಿ ಬೆಳೆದವರಿಗೆ ನುಂಗಂಬಾಕ್ಕಂನ ಲ್ಯಾಂಡ್‌ಮಾರ್ಕ್. ಇವತ್ತಿನ ಕಾಲೇಜು ಹುಡುಗರಿಗೆ ಕಾಮಿಕ್ ಕಾನ್. ಇವರೆಲ್ಲರೂ ಒಪ್ಪುವ ವಿಳಾಸ ಒಂದಿದೆ. ಅದು ಪೊಂಗಲ್ ಹೊತ್ತಿನ ಚೆನ್ನೈ ಪುಸ್ತಕ ಜಾತ್ರೆಯಲ್ಲಿ ಲಯನ್–ಮುತ್ತು ಕಾಮಿಕ್ಸ್ ಹಾಕುವ ಮಳಿಗೆ.

ದಕ್ಷಿಣ ಭಾರತದ ಪುಸ್ತಕ ಮಾರಾಟಗಾರರು ಮತ್ತು ಪ್ರಕಾಶಕರ ಸಂಘ, ಅಂದರೆ 'ಬಪಾಸಿ', 1977ರಿಂದ ನಡೆಸುತ್ತಿರುವ ಜಾತ್ರೆ ಇದು. ಈಚಿನ ವರ್ಷಗಳಲ್ಲಿ ನಂದನಂ ವೈಎಂಸಿಎ ಮೈದಾನವೇ ಅದರ ಠಿಕಾಣಿ. ಕಾದಂಬರಿ, ಜ್ಯೋತಿಷ್ಯ, ಅಡುಗೆ, ಪರೀಕ್ಷಾ ಗೈಡುಗಳ ಸಾಲುಗಳನ್ನು ದಾಟಿ ಕಾಮಿಕ್ಸ್ ಮಳಿಗೆಗೆ ಬಂದರೆ ಅಲ್ಲಿ ಮಕ್ಕಳಿಗಿಂತ ನರೆಗೂದಲಿನವರೇ ಹೆಚ್ಚು. ತಮ್ಮಲ್ಲಿ ಇಲ್ಲದ ಸಂಚಿಕೆಗಳ ಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದವರು. ಮಗನನ್ನೋ ಮೊಮ್ಮಗಳನ್ನೋ ಕರೆತಂದು 'ಇದು ನಾನು ನಿನ್ನ ವಯಸ್ಸಿನಲ್ಲಿ ಓದಿದ್ದು' ಎಂದು ತೋರಿಸುವವರು. ಸಂಪಾದಕರ ಹಸ್ತಾಕ್ಷರಕ್ಕೆ ಕಾಯುವವರು. ಸಂಪಾದಕನನ್ನು ನೋಡಲೆಂದು ಜನ ಬರುವ ಇನ್ನೊಂದು ಮಳಿಗೆಯನ್ನು ನಾನು ಯಾವ ಪುಸ್ತಕ ಜಾತ್ರೆಯಲ್ಲೂ ಕಂಡಿಲ್ಲ.

ಶಿವಕಾಶಿಯ ತಂದೆ, ಮಗ

ಈ ಕಥೆ ಶುರುವಾಗುವುದು ಚೆನ್ನೈನಲ್ಲಲ್ಲ, ಪಟಾಕಿ, ಬೆಂಕಿಪೊಟ್ಟಣ, ಕ್ಯಾಲೆಂಡರುಗಳ ಊರಾದ ಶಿವಕಾಶಿಯಲ್ಲಿ. ಅಲ್ಲಿ ಅಚ್ಚುಕೂಟಗಳಿಗೆ ಬರವಿರಲಿಲ್ಲ. ಎಂ. ಸೌಂದರಪಾಂಡಿಯನ್ 1972ರ ಜನವರಿಯಲ್ಲಿ 'ಮುತ್ತು ಕಾಮಿಕ್ಸ್' ಆರಂಭಿಸಿದರು. ಮೊದಲ ಪುಸ್ತಕ 'ಇರುಂಬುಕ್ಕೈ ಮಾಯಾವಿ', ಕಬ್ಬಿಣದ ಕೈಯ ಮಾಯಾವಿ. ಮೂಲ ಬ್ರಿಟನ್ನಿನದು. 1962ರಲ್ಲಿ ಶುರುವಾದ 'ವೇಲಿಯಂಟ್' ವಾರಪತ್ರಿಕೆಯ 'ದಿ ಸ್ಟೀಲ್ ಕ್ಲಾ' ಧಾರಾವಾಹಿ. ಪ್ರಯೋಗಾಲಯದ ಸಹಾಯಕನೊಬ್ಬ ಬಲಗೈ ಕಳೆದುಕೊಂಡು ಉಕ್ಕಿನ ಕೈ ಹಾಕಿಸಿಕೊಂಡಿರುತ್ತಾನೆ. ವಿದ್ಯುತ್ತಿನ ಆಘಾತವಾದಾಗಲೆಲ್ಲ ಅವನ ಮೈ ಮಾಯವಾಗುತ್ತದೆ, ಕೈ ಮಾತ್ರ ಕಾಣುತ್ತದೆ. ಗಾಳಿಯಲ್ಲಿ ತೇಲುವ ಆ ಒಂಟಿ ಕೈಯನ್ನು ಸ್ಪೇನಿನ ಚಿತ್ರಕಾರ ಹೇಸುಸ್ ಬ್ಲಾಸ್ಕೊ ನೆರಳು–ಬೆಳಕಿನಲ್ಲಿ ಬರೆದ ರೀತಿಗೆ ತಮಿಳುನಾಡಿನ ಹುಡುಗರು ಮರುಳಾಗಿಬಿಟ್ಟರು. ತಾಯ್ನಾಡಿನಲ್ಲಿ ಬಹುಮಟ್ಟಿಗೆ ಮರೆತುಹೋದ ನಾಯಕ ತಮಿಳುನಾಡಿನಲ್ಲಿ ಅರ್ಧ ಶತಮಾನ ದಾಟಿ ಮನೆಮಾತಾಗಿ ಉಳಿದಿದ್ದಾನೆ.

ಸೌಂದರಪಾಂಡಿಯನ್ ಅವರ ಮಗ ಎಸ್. ವಿಜಯನ್ 1984ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, 'ಲಯನ್ ಕಾಮಿಕ್ಸ್' ಶುರು ಮಾಡಿದರು. ಮೊದಲ ಸಂಚಿಕೆಯ ನಾಯಕಿ ಮಾಡೆಸ್ಟಿ ಬ್ಲೇಸ್. ಆಮೇಲೆ ಬಂದ ಖಳನಾಯಕ 'ಸ್ಪೈಡರ್' ಲಯನ್‌ನ ಅದೃಷ್ಟ ತಿರುಗಿಸಿದ. ಸೂಪರ್‌ಮ್ಯಾನ್‌ನ ಸೃಷ್ಟಿಕರ್ತರಲ್ಲಿ ಒಬ್ಬರಾದ ಜೆರ್ರಿ ಸೀಗಲ್ ಅವರೇ ಬ್ರಿಟನ್ನಿಗಾಗಿ ಈ ಸ್ಪೈಡರ್‌ನ ಹಲವು ಕಥೆಗಳನ್ನು ಬರೆದಿದ್ದರು. ಅದೇ 1984ರಲ್ಲಿ 'ದಿನ ತಂತಿ' ಬಳಗದ 'ರಾಣಿ ಕಾಮಿಕ್ಸ್' ಕೂಡ ಕಣಕ್ಕಿಳಿಯಿತು. ಜೇಮ್ಸ್ ಬಾಂಡ್ ಮತ್ತು ಫ್ಯಾಂಟಮ್ ಕಥೆಗಳನ್ನು ಕಡಿಮೆ ಬೆಲೆಗೆ ಪೆಟ್ಟಿಗೆ ಅಂಗಡಿಗಳವರೆಗೂ ತಲುಪಿಸಿತು. 2005ರಲ್ಲಿ ರಾಣಿ ನಿಂತುಹೋಯಿತು. ದೊಡ್ಡ ಪತ್ರಿಕಾ ಬಳಗದ ಬಲವಿದ್ದ ರಾಣಿ ನಿಂತು, ಶಿವಕಾಶಿಯ ಸಣ್ಣ ಸಂಸ್ಥೆ ಉಳಿದದ್ದು ಹೇಗೆ ಎಂಬುದು ಯೋಚಿಸಬೇಕಾದ ವಿಷಯ.

ನನಗೆ ಕಾಣುವ ಉತ್ತರ ಇದು: ಲಯನ್ ತನ್ನ ಓದುಗರೊಡನೆ ಮಾತುಕತೆ ನಿಲ್ಲಿಸಲಿಲ್ಲ. ಪ್ರತಿ ಪುಸ್ತಕದಲ್ಲೂ ಸಂಪಾದಕರ 'ಹಾಟ್‌ಲೈನ್' ಅಂಕಣ. ಯಾವ ಕಥೆಯ ಹಕ್ಕು ಸಿಕ್ಕಿತು, ಯಾವುದು ಸಿಗಲಿಲ್ಲ, ಪುಸ್ತಕ ಯಾಕೆ ತಡವಾಯಿತು ಎಂಬುದೆಲ್ಲ ಅಲ್ಲಿ ಬರುತ್ತಿತ್ತು. ಓದುಗರ ಪತ್ರಗಳಲ್ಲಿ ಹೊಗಳಿಕೆಯಷ್ಟೇ ಜಗಳವೂ ಇರುತ್ತಿತ್ತು. ಸಂಚಿಕೆಗಳು ತಿಂಗಳುಗಟ್ಟಲೆ ಬಾರದೆ ಹೋದ ಕಾಲವೂ ಇತ್ತು. ಆಗಲೂ ಅಭಿಮಾನಿಗಳು ಕೈಬಿಡಲಿಲ್ಲ. ಬೆಲ್ಜಿಯಂನ 'ತರ್ಟೀನ್' ಸರಣಿಯನ್ನು 2010ರಲ್ಲಿ 'ರತ್ತ ಪಡಲಂ' ಎಂಬ ಹೆಸರಿನಲ್ಲಿ, 800ಕ್ಕೂ ಹೆಚ್ಚು ಪುಟಗಳ ಒಂದೇ ಸಂಪುಟವಾಗಿ ತಂದ ಧೈರ್ಯದ ಹಿಂದೆ ಈ ನಂಟಿತ್ತು. 2012ರ ಜನವರಿಯಲ್ಲಿ 'ಕಮ್‌ಬ್ಯಾಕ್ ಸ್ಪೆಷಲ್' ಬಂದ ಮೇಲೆ ದಾರಿ ಬದಲಾಯಿತು. ನ್ಯೂಸ್‌ಪ್ರಿಂಟಿನ ಜಾಗಕ್ಕೆ ಆರ್ಟ್ ಪೇಪರ್, ಪೂರ್ತಿ ಬಣ್ಣ, ವರ್ಷದ ಚಂದಾ, ಅಂಚೆ ಮತ್ತು ಕೊರಿಯರ್. ಈಗ ಇಟಲಿಯ ಕೌಬಾಯ್ ಟೆಕ್ಸ್ ವಿಲ್ಲರ್, 'ಕ್ಯಾಪ್ಟನ್ ಟೈಗರ್' ಹೆಸರಿನ ಬ್ಲೂಬೆರಿ, ಲಕಿ ಲೂಕ್ ಎಲ್ಲರೂ ತಮಿಳು ಮಾತಾಡುತ್ತಾರೆ.

ಆ ಓದಿನ ಗುರುತು ತಮಿಳು ಸಿನಿಮಾದ ಮೇಲೂ ಬಿದ್ದಿದೆ. 'ಆನಂದ ವಿಕಟನ್' ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರರಾಗಿದ್ದ ಚಿಂಬುದೇವನ್ 2010ರಲ್ಲಿ 'ಇರುಂಬುಕ್ಕೋಟ್ಟೈ ಮುರಟ್ಟು ಸಿಂಗಂ' ಎಂಬ ಕೌಬಾಯ್ ಚಿತ್ರ ಮಾಡಿದರು. ಮುತ್ತು–ಲಯನ್ ಓದಿ ಬೆಳೆದವರಿಗೆ ಅದರ ಒಂದೊಂದು ದೃಶ್ಯವೂ ಪರಿಚಿತ.

ಫುಟ್‌ಪಾತಿನ ಪಂಡಿತರು

ಜಾತ್ರೆ ಮುಗಿದ ಮೇಲೆ ಅಭಿಮಾನಿ ಹೋಗುವುದು ಹಳೇ ಪುಸ್ತಕದ ಅಂಗಡಿಗೆ. ಮೂರ್ ಮಾರ್ಕೆಟ್ 1985ರ ಮೇ ತಿಂಗಳಲ್ಲಿ ಬೆಂಕಿಗೆ ಆಹುತಿಯಾಯಿತು. ಅಲ್ಲಿದ್ದ ಪುಸ್ತಕ ವ್ಯಾಪಾರಿಗಳು ಹತ್ತಿರದ ಅಲ್ಲಿಕ್ಕುಳಂ ಕಟ್ಟಡಕ್ಕೂ ಬೇರೆ ಬೀದಿಗಳಿಗೂ ಚದುರಿದರು. ಮೈಲಾಪುರದ ಲಜ್‌ನಲ್ಲಿ 'ಆಳ್ವಾರ್ ಕಡೈ' ಎಂಬ ಫುಟ್‌ಪಾತ್ ಅಂಗಡಿ ದಶಕಗಟ್ಟಲೆ ಬಡ ವಿದ್ಯಾರ್ಥಿಗಳ ಪಠ್ಯಪುಸ್ತಕದಿಂದ ಹಿಡಿದು ಹಳೇ ಕಾಮಿಕ್ಸ್‌ವರೆಗೆ ಎಲ್ಲವನ್ನೂ ಕೊಟ್ಟು ಸಾಕಿತು. ತಿರುವಲ್ಲಿಕ್ಕೇಣಿಯ ರಸ್ತೆಬದಿಯಲ್ಲೂ ಪುಸ್ತಕದ ಗುಡ್ಡೆಗಳಿವೆ. 'ಅಣ್ಣಾ, ಪಳೈಯ ಮುತ್ತು ಇರುಕ್ಕಾ?' ಎಂದು ಕೇಳಿದರೆ ಸಾಕು. ವ್ಯಾಪಾರಿ ಮೊದಲು ನಿಮ್ಮ ಮುಖ ನೋಡುತ್ತಾನೆ. ಗಿರಾಕಿ ಸುಮ್ಮನೆ ಬಂದವನೋ, ಹುಚ್ಚು ಹಿಡಿದವನೋ ಎಂಬುದು ಅವನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಬೆಲೆ ನಿಲ್ಲುವುದು ಅದರ ಮೇಲೆ.

ಹಳೇ ಕಾಮಿಕ್ಸ್ ಕೊಳ್ಳುವುದಕ್ಕೂ ಒಂದು ಕ್ರಮವಿದೆ. ಮೊದಲು ನಡುಪುಟ ತೆರೆದು ಪಿನ್ ನೋಡಬೇಕು. ತುಕ್ಕು ಹಿಡಿದ ಪಿನ್ ಸುತ್ತಲ ಕಾಗದವನ್ನು ಕಂದು ಮಾಡಿ ತಿನ್ನುತ್ತಾ ಬರುತ್ತದೆ; ನಡುವಿನ ನಾಲ್ಕು ಪುಟ ಮೊದಲು ಕಳಚಿಕೊಳ್ಳುವುದು ಹಾಗೆ. ಆಮೇಲೆ ಪುಟಸಂಖ್ಯೆ ಸರಿಯಾಗಿದೆಯೇ ಎಣಿಸಬೇಕು, ಕೊನೆಯ ಪುಟ ಇದೆಯೇ ನೋಡಬೇಕು. ಪತ್ತೇದಾರಿ ಕಥೆಯ ಕೊನೆಯ ಪುಟ ಹೋಗಿದ್ದರೆ ಕೊಲೆಗಾರ ಯಾರೆಂದು ತಿಳಿಯುವುದೇ ಇಲ್ಲ. ಹಿಂದಿನ ಒಡೆಯ ಹತ್ತಾರು ಸಂಚಿಕೆಗಳನ್ನು ಸೇರಿಸಿ ಬೈಂಡ್ ಮಾಡಿಸಿದ್ದರೆ ಪುಸ್ತಕ ಸುರಕ್ಷಿತವಾಗಿರುತ್ತದೆ, ನಿಜ; ಬೈಂಡರ್ ಅಂಚು ಕತ್ತರಿಸುವಾಗ ಮಾತಿನ ಗುಳ್ಳೆಯ ತುದಿಯೂ ಹೋಗಿರುತ್ತದೆ. ಮೊದಲ ಪುಟದಲ್ಲಿ ಇಂಕ್ ಪೆನ್ನಿನಲ್ಲಿ ಬರೆದ ಹೆಸರು, ತರಗತಿ, ಸೆಕ್ಷನ್. ಬಾಡಿಗೆ ಲೈಬ್ರರಿಯ ನೇರಳೆ ಮೊಹರು. ಇವನ್ನು ದೋಷವೆಂದು ಬೆಲೆ ಇಳಿಸುವವರಿದ್ದಾರೆ. ನನಗೆ ಮಾತ್ರ ಅಂಥ ಪ್ರತಿಯೇ ಹೆಚ್ಚು ಇಷ್ಟ. ಪುಸ್ತಕ ಎಷ್ಟು ಕೈ ದಾಟಿ ಬಂದಿದೆ ಎಂಬುದಕ್ಕೆ ಅದೇ ಸಾಕ್ಷಿ.

ಕೊಳ್ಳಲಾಗದವರಿಗೆ ಬಾಡಿಗೆ ಲೈಬ್ರರಿಗಳಿದ್ದವು. ರಾಯಪೇಟೆ ಬಳಿಯ ಲಾಯ್ಡ್ಸ್ ರಸ್ತೆಯಲ್ಲಿ ಈಶ್ವರಿ ಲೆಂಡಿಂಗ್ ಲೈಬ್ರರಿ 1955ರಿಂದ ಹಲವು ತಲೆಮಾರುಗಳಿಗೆ ಆಸ್ಟೆರಿಕ್ಸ್, ಟಿನ್‌ಟಿನ್, ಆರ್ಚಿಗಳನ್ನು ಪುಸ್ತಕದ ಬೆಲೆಯ ಒಂದು ಪಾಲಿಗೆ ಓದಿಸಿದೆ. ಹೊಸ ಇಂಗ್ಲಿಷ್ ಪುಸ್ತಕ ಬೇಕೆಂದರೆ ಮೌಂಟ್ ರೋಡಿನ ಹಿಗಿನ್‌ಬಾಥಮ್ಸ್. 1844ರಲ್ಲಿ ಶುರುವಾದ ಈ ಅಂಗಡಿ ಬೆಂಗಳೂರಿನ ಎಂ.ಜಿ. ರಸ್ತೆಯವರಿಗೂ ಗೊತ್ತು. 1987ರಲ್ಲಿ ತೆರೆದ ಲ್ಯಾಂಡ್‌ಮಾರ್ಕ್ ಈಗಿಲ್ಲ. ಅಲ್ಲಿ ನೆಲದ ಮೇಲೆ ಕುಳಿತು ಇಡೀ ಕಾಮಿಕ್ಸ್ ಮುಗಿಸಿ ಎದ್ದುಹೋದ ಮಕ್ಕಳು ಇಂದು ತಮ್ಮ ಮಕ್ಕಳಿಗೆ ಪುಸ್ತಕ ಕೊಡಿಸುತ್ತಿದ್ದಾರೆ.

ವಡಪಳನಿಯಿಂದ ಬಂದ ನಮ್ಮ ಚಂದಮಾಮ

ಇದೆಲ್ಲ ತಮಿಳರ ಸಂಗತಿ, ನಮಗೇನು ಎನ್ನುವ ಕನ್ನಡಿಗರು ವಡಪಳನಿಯನ್ನು ನೆನೆಯಬೇಕು. ನಮ್ಮ ಅಜ್ಜ–ಅಜ್ಜಿಯರ ಕಾಲದಿಂದ ಕರ್ನಾಟಕದ ಮನೆಗಳಲ್ಲಿ ಹರಿದು ಚಿಂದಿಯಾಗುವಷ್ಟು ಓದಿಸಿಕೊಂಡ 'ಚಂದಮಾಮ' ತಯಾರಾಗುತ್ತಿದ್ದದ್ದು ಅಲ್ಲಿ. ವಿಜಯಾ–ವಾಹಿನಿ ಸ್ಟುಡಿಯೋದ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಅದನ್ನು ಆರಂಭಿಸಿದರು. ಆ ದಶಕ ಮುಗಿಯುವುದರೊಳಗೆ ಕನ್ನಡದಲ್ಲೂ ಬಂತು. ಕೊಡವಟಿಗಂಟಿ ಕುಟುಂಬರಾವ್ ಅವರ ಕೈಯಲ್ಲಿ ಕಥೆಗಳು ತೆಲುಗಿನಲ್ಲಿ ರೂಪುಗೊಂಡು, ಬೇರೆ ಬೇರೆ ಭಾಷೆಗಳ ಮೇಜುಗಳಿಗೆ ಹೋಗುತ್ತಿದ್ದವು. ಚಿತ್ರ ಎಲ್ಲ ಭಾಷೆಗೂ ಒಂದೇ.

ಆ ಚಿತ್ರಗಳಲ್ಲಿ ಒಂದನ್ನು ಮರೆತವರಿಲ್ಲ: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಶವ, ಸ್ಮಶಾನದ ನಡುವೆ ಹೆಜ್ಜೆಯಿಡುವ ವಿಕ್ರಮ ರಾಜ. ಬರೆದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್. ಗಮನಿಸಿ ನೋಡಿದರೆ ರಾಜನ ಮುಖದಲ್ಲಿ ಭಯವಿಲ್ಲ, ಹುಮ್ಮಸ್ಸೂ ಇಲ್ಲ. ಒಪ್ಪಿಕೊಂಡ ಕೆಲಸ ಮುಗಿಸುವವನ ಗಂಭೀರತೆ ಮಾತ್ರ ಇದೆ. 2020ರಲ್ಲಿ ತೀರಿಕೊಂಡ ಶಂಕರ್ ಅವರಿಗೆ ಮರುವರ್ಷ ಮರಣೋತ್ತರ ಪದ್ಮಶ್ರೀ ಬಂತು. ಅದೇ ಚಂದಮಾಮದ ಮುಖಪುಟಕ್ಕೆ ಮಹಾಭಾರತದ ಪ್ರಸಂಗಗಳನ್ನು ಬಣ್ಣದಲ್ಲಿ ಮೂಡಿಸಿದವರು ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ. ಭೀಮ ಹೇಗಿದ್ದ, ಕೃಷ್ಣ ಹೇಗೆ ನಕ್ಕ ಎಂಬುದನ್ನು ಒಂದು ತಲೆಮಾರಿನ ಕನ್ನಡ ಮಕ್ಕಳು ಕಲ್ಪಿಸಿಕೊಂಡದ್ದು ಅವರ ಕುಂಚದ ಮೂಲಕ.

ಹಾಗೆ ನೋಡಿದರೆ ಕಾಮಿಕ್ಸ್‌ನಲ್ಲಿ ಕನ್ನಡ ಹಿಂದೆ ಬಿದ್ದ ಭಾಷೆಯಾಗಿರಲಿಲ್ಲ. 1964ರಲ್ಲಿ ಫ್ಯಾಂಟಮ್ ಜೊತೆ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಕಾರ್ಕಳದ ಅನಂತ ಪೈ ಕಟ್ಟಿದ 'ಅಮರ ಚಿತ್ರಕಥೆ'ಗೆ ಮುನ್ನುಡಿ ಬರೆದದ್ದೇ ಕನ್ನಡ. ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ 1965ರ ಸುಮಾರಿಗೆ ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಆ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಮೊದಲ 10 ಸಂಖ್ಯೆಗಳು ಆ ಪುಸ್ತಕಗಳವು. ಅನಂತ ಪೈ ಅವರ 'ಕೃಷ್ಣ' 11ನೆಯ ಸಂಖ್ಯೆಯಿಂದ ಶುರುವಾಗುವುದು ಆ ಕಾರಣಕ್ಕೆ.

ಇಂದ್ರಜಾಲ 1990ರಲ್ಲಿ ಮುಚ್ಚಿತು. ಚಂದಮಾಮ ಕೈ ಬದಲಾಗಿ, ಕಳೆದ ದಶಕದ ಆರಂಭದಲ್ಲಿ ಎಲ್ಲ ಭಾಷೆಗಳಲ್ಲೂ ನಿಂತಿತು. ಎರಡೂ ಹೊರಗಿನಿಂದ ನಮ್ಮ ಭಾಷೆಗೆ ಬಂದ ಪ್ರಕಟಣೆಗಳು. ಅಲ್ಲಿ ತೀರ್ಮಾನವಾಯಿತು, ಇಲ್ಲಿ ಸಂಚಿಕೆ ಬರಲಿಲ್ಲ. ಓದುಗ ಯಾರಿಗೆ ಪತ್ರ ಬರೆಯಬೇಕೆಂದು ತಿಳಿಯದೆ ಸುಮ್ಮನಾದ. ತಮಿಳಿನಲ್ಲಿ ಪತ್ರ ಬರೆಯಲು ಶಿವಕಾಶಿಯ ವಿಳಾಸವೊಂದಿತ್ತು. ವ್ಯತ್ಯಾಸವಾದದ್ದು ಇಲ್ಲಿ.

ಹೊಸ ಗೆರೆಗಳು

ಚೆನ್ನೈನ ಕಾಮಿಕ್ಸ್ ಲೋಕ ಹಳೆಯದನ್ನೇ ಹಿಡಿದು ಕುಳಿತಿಲ್ಲ. ಬೆಂಗಳೂರಿನ ಚಿತ್ರಕಾರ ಅಪ್ಪುಪೆನ್ ಅವರ 'ಮೂನ್‌ವರ್ಡ್' ಗ್ರಾಫಿಕ್ ಕಾದಂಬರಿಯನ್ನು 2009ರಲ್ಲಿ ಪ್ರಕಟಿಸಿದ್ದು ಚೆನ್ನೈನ ಬ್ಲಾಫ್ಟ್ ಪ್ರಕಾಶನ. ತಿರುವಾನ್ಮಿಯೂರಿನ ತಾರಾ ಬುಕ್ಸ್ ಬಂಗಾಳದ ಪಟಚಿತ್ರ ಕಲಾವಿದೆ ಮೊಯ್ನಾ ಚಿತ್ರಕಾರ್ ಅವರ ಚಿತ್ರಗಳಿಗೆ ಸಂಹಿತಾ ಅರ್ಣಿ ಅವರ ಬರಹ ಜೋಡಿಸಿ 2011ರಲ್ಲಿ 'ಸೀತಾಸ್ ರಾಮಾಯಣ' ತಂದಿತು. ಸುರುಳಿ ಬಿಚ್ಚುತ್ತಾ ಹಾಡಿ ಕಥೆ ಹೇಳುವ ಪಟಚಿತ್ರದ ಪರಂಪರೆ ಪುಟದ ಚೌಕಟ್ಟಿಗೆ ಎಷ್ಟು ಸಲೀಸಾಗಿ ಒಗ್ಗುತ್ತದೆ ಎಂಬುದನ್ನು ಆ ಪುಸ್ತಕದಲ್ಲಿ ನೋಡಬಹುದು. 2024ರ ಫೆಬ್ರುವರಿಯಲ್ಲಿ ಚೆನ್ನೈಗೆ ಮೊದಲ ಬಾರಿ ಕಾಮಿಕ್ ಕಾನ್ ಬಂತು. ವೇಷ ತೊಟ್ಟ ಹುಡುಗ ಹುಡುಗಿಯರ ನೂಕುನುಗ್ಗಲು ಅಲ್ಲೂ ಕಂಡಿತು. ಬೆಂಗಳೂರು ಈ ಮೇಳವನ್ನು 2012ರಲ್ಲೇ ಕಂಡಿದೆ.

ಅಂಗಡಿಗಳ ವಿಷಯದಲ್ಲೂ ಬೆಂಗಳೂರಿಗೆ ಕೊರತೆಯಿಲ್ಲ. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್, ಅವೆನ್ಯೂ ರಸ್ತೆಯ ಸಾಲು ಅಂಗಡಿಗಳಲ್ಲಿ ಹಳೇ ಇಂದ್ರಜಾಲ ಹುಡುಕುವವರು ಇಂದಿಗೂ ಇದ್ದಾರೆ. ಕನ್ನಡದ ಪ್ರತಿ ಸಿಕ್ಕರೆ ಅವರು ಬೆಲೆ ನೋಡುವುದಿಲ್ಲ. ಓದುಗರಿದ್ದಾರೆ, ಚಿತ್ರಕಾರರಿದ್ದಾರೆ, ಅಂಗಡಿಗಳಿವೆ. ಇಲ್ಲದಿರುವುದು ತಿಂಗಳು ತಿಂಗಳು ಕನ್ನಡದಲ್ಲಿ ಕಾಮಿಕ್ಸ್ ತರುವ, ಓದುಗರ ಪತ್ರಕ್ಕೆ ಹೆಸರು ಹಿಡಿದು ಉತ್ತರಿಸುವ ಒಬ್ಬ ಸಂಪಾದಕ.

ಅಂಥವರು ಯಾರಾದರೂ ಮನಸ್ಸು ಮಾಡುವುದಾದರೆ ಮುಂದಿನ ಜನವರಿಯಲ್ಲಿ ನಂದನಂಗೆ ಹೋಗಿಬರಲಿ. ಬಂಡವಾಳದ ಲೆಕ್ಕ ಆಮೇಲೆ ಹಾಕಬಹುದು. ಮೊದಲು ಆ ಮಳಿಗೆಯ ಮುಂದೆ ಒಂದು ಇಡೀ ಮಧ್ಯಾಹ್ನ ನಿಂತು, ಓದುಗರು ಸಂಪಾದಕರೊಡನೆ ಹಕ್ಕಿನಿಂದ ಜಗಳವಾಡುವುದನ್ನು ಕೇಳಿಸಿಕೊಳ್ಳಬೇಕು. 1972ರಿಂದ ಒಂದು ಸಂಸ್ಥೆಯನ್ನು ನಡೆಸಿಕೊಂಡು ಬಂದಿರುವ ಬಂಡವಾಳ ಆ ಜಗಳವೇ. ಕನ್ನಡದಲ್ಲಿ ಚಂದಾ ಕಟ್ಟಲು ಸಿದ್ಧರಿರುವವರ ಪಟ್ಟಿ ತಯಾರಾದರೆ ನನ್ನ ಹೆಸರನ್ನೂ ಬರೆದುಕೊಳ್ಳಿ.