ಬೆನ್ನಿಗೆ ಮನೆ ಕಟ್ಟಿಕೊಂಡ ಬೈಕು

ಹಿಮಾಚಲ ಪ್ರದೇಶದ ಗ್ರಾಂಫೂ ಎಂಬಲ್ಲಿ ಹೆದ್ದಾರಿಯನ್ನು ಬಿಟ್ಟು ಸ್ಪಿತಿ ಕಣಿವೆಯ ಕಡೆ ತಿರುಗಿದ ಬೈಕ್ ಸವಾರರಲ್ಲಿ ಎಷ್ಟೋ ಮಂದಿ ಮೊದಲ ಒಂದೆರಡು ಗಂಟೆಗಳಲ್ಲೇ ನೆಲ ಕಾಣುತ್ತಾರೆ. ವೇಗದಿಂದ ಬಿದ್ದವರಲ್ಲ ಅವರು. ನಡೆದು ಹೋಗುವವನ ವೇಗದಲ್ಲಿ ಗುಂಡುಕಲ್ಲುಗಳ ನಡುವೆ ದಾರಿ ಹುಡುಕುತ್ತಿರುವಾಗ ಚಕ್ರ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಸವಾರ ಒಂದು ಕಾಲು ಊರುತ್ತಾನೆ. ಊರಿದ ಕಾಲಿಗೆ ನೆಲ ಸಿಗುವುದಿಲ್ಲ. ಬೈಕು ಮೆಲ್ಲಗೆ ವಾಲುತ್ತದೆ. ಒಂದು ಹಂತ ದಾಟಿದ ಮೇಲೆ ಭೀಮನೇ ಹಿಡಿದರೂ ನಿಲ್ಲದು. ದಣಿದ ಎಮ್ಮೆಯಂತೆ ಮಲಗಿಬಿಡುತ್ತದೆ.

ಪೆಟ್ಟೇನೂ ಆಗಿರುವುದಿಲ್ಲ. ಎದ್ದು ಮೈ ಕೊಡವಿಕೊಂಡು ಬೈಕು ಎತ್ತಲು ಹೋದಾಗ ಮಾತ್ರ ನಿಜ ಗೊತ್ತಾಗುತ್ತದೆ. ಅದು ಸಮುದ್ರಮಟ್ಟದಿಂದ 3,000 ಮೀಟರ್‌ಗೂ ಮೇಲಿನ ಜಾಗ. ಎರಡು ಸಲ ಎತ್ತಿ ನಿಲ್ಲಿಸುವಷ್ಟರಲ್ಲಿ ಏದುಸಿರು. ಮೂರನೆಯ ಸಲಕ್ಕೆ ಗೆಳೆಯರನ್ನು ಕೂಗಬೇಕು. ಗೆಳೆಯರ ಬೈಕುಗಳೂ ಅಷ್ಟು ದೂರದಲ್ಲಿ ಮಲಗಿರದಿದ್ದರೆ ಪುಣ್ಯ!

ಪರೀಕ್ಷೆ ಮುಗಿಸಿದ ಕಾಲೇಜು ಹುಡುಗರಿಗೆ ಈಗ ಹಿಮಾಲಯದ ಬೈಕ್ ಯಾತ್ರೆ ಒಂದು ದೊಡ್ಡ ಕನಸು. ರಾಯಲ್ ಎನ್‌ಫೀಲ್ಡ್ ಕಂಪನಿ 2016ರಲ್ಲಿ 411 ಸಿ.ಸಿ. ಎಂಜಿನ್ನಿನ ‘ಹಿಮಾಲಯನ್’ ಬೈಕನ್ನು ಮಾರುಕಟ್ಟೆಗೆ ತಂದ ಮೇಲೆ, 2023ರ ಕೊನೆಯಲ್ಲಿ ಅದಕ್ಕಿಂತ ಬಲವಾದ 452 ಸಿ.ಸಿ. ಮಾದರಿ ಬಂದ ಮೇಲೆ ಈ ಕನಸು ಇನ್ನಷ್ಟು ಹತ್ತಿರ ಬಂದಿದೆ. ಮುಂದೆ 21 ಇಂಚಿನ ದೊಡ್ಡ ಚಕ್ರ, ಕುಲುಕಾಟ ನುಂಗುವ ಉದ್ದನೆಯ ಸಸ್ಪೆನ್ಷನ್, ಸಾಮಾನು ಕಟ್ಟಲು ಹಿಂದೆ ಕ್ಯಾರಿಯರ್. ಡೇರೆ, ಮಲಗುವ ಚೀಲ, ಸ್ಟವ್, ಪಾತ್ರೆ ಕಟ್ಟಿಕೊಂಡು ಎಲ್ಲಿ ಕತ್ತಲಾಯಿತೋ ಅಲ್ಲೇ ಮನೆ ಹೂಡುವುದು. ಯಾರಿಗೆ ಬೇಡ?

ಹೆತ್ತವರಿಗೆ ಬೇಡ. ಕೊನೆಗೆ ಹಟಕ್ಕೆ ಸೋತು ಒಪ್ಪಿದಾಗ ಅವರು ಹೇಳುವುದು ಒಂದೇ ಮಾತು: ‘ಜೋರಾಗಿ ಓಡಿಸಬೇಡ ಕಣೋ.’ ಹೇಳಬೇಕಾದ ಮಾತೇ. ಆದರೆ ಗ್ರಾಂಫೂವಿನಿಂದ ಛತ್ರು, ಬಾತಲ್ ದಾಟಿ ಚಂದ್ರತಾಲ್ ಸರೋವರಕ್ಕೆ ಹೋಗುವ ಹಾದಿಯಲ್ಲಿ ಜೋರಾಗಿ ಓಡಿಸುವುದು ಬೇಕೆಂದರೂ ಆಗದು. ಅಲ್ಲಿಗೆ ಹೊರಟವನನ್ನು ಕೇಳಬೇಕಾದದ್ದು ಬೇರೆ: ‘ಎಷ್ಟು ಕೆ.ಜಿ. ಕಟ್ಟಿದ್ದೀಯ? ಎಲ್ಲಿ ಕಟ್ಟಿದ್ದೀಯ?’

ಲೆಕ್ಕ ಹಾಕಿದರೆ ಕಣ್ಣು ಬಿಡಬೇಕಾಗುತ್ತದೆ. ಪೆಟ್ರೋಲು ತುಂಬಿದ ಹಿಮಾಲಯನ್ ಬೈಕೇ ಸುಮಾರು 190ರಿಂದ 200 ಕೆ.ಜಿ. ತೂಗುತ್ತದೆ. ಸವಾರ 65 ಕೆ.ಜಿ. ಎನ್ನಿ. ಹೆಲ್ಮೆಟ್ಟು, ಬೂಟು, ದಪ್ಪ ಜಾಕೆಟ್ಟು ಸೇರಿದರೆ ಇನ್ನೊಂದು ಏಳೆಂಟು ಕೆ.ಜಿ. ಅದರ ಮೇಲೆ ಡೇರೆ, ಬಟ್ಟೆ, ಉಪಕರಣ, ಅಡುಗೆ ಸಾಮಾನು, ಐದು ಲೀಟರ್ ನೀರು ಎಂದು 40 ಕೆ.ಜಿ. ಕಟ್ಟಿದರೆ ಒಟ್ಟು ಮೂರು ಕ್ವಿಂಟಲ್ ದಾಟಿತು! ಡಾಂಬರು ರಸ್ತೆಯಲ್ಲಿ ಈ ಭಾರ ಗೊತ್ತೇ ಆಗುವುದಿಲ್ಲ. ಓಡುವ ಚಕ್ರ ತಾನೇ ಸಮತೋಲ ಕಾಯ್ದುಕೊಳ್ಳುತ್ತದೆ. ನಿಧಾನವಾದಾಗ ಆ ನೆರವು ತಪ್ಪಿ, ಇಡೀ ಹೊರೆ ಸವಾರನ ಒಂದು ಕಾಲಿನ ಮೇಲೆ ಬರುತ್ತದೆ.

ಎಷ್ಟು ಎಂಬುದರ ಜೊತೆಗೇ ಎಲ್ಲಿ ಎಂಬುದು ಬರುತ್ತದೆ. ಹೈಸ್ಕೂಲಿನ ವಿಜ್ಞಾನದ ಪಾಠದಲ್ಲಿ ಸನ್ನೆಕೋಲಿನ ತತ್ವವನ್ನು ಓದಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಈ ಬೈಕಿನ ಎರಡು ಚಕ್ರಗಳ ಅಚ್ಚುಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದೂವರೆ ಮೀಟರ್. 20 ಕೆ.ಜಿ.ಯ ಗಂಟನ್ನು ಹಿಂದಿನ ಅಚ್ಚಿಗಿಂತ ಒಂದಡಿ ಆಚೆ, ಕ್ಯಾರಿಯರ್‌ನ ತುದಿಯಲ್ಲಿ ಕಟ್ಟಿದರೆ ಹಿಂದಿನ ಚಕ್ರದ ಮೇಲೆ 20 ಅಲ್ಲ, 24 ಕೆ.ಜಿ. ಬೀಳುತ್ತದೆ. ಆ ಹೆಚ್ಚುವರಿ ನಾಲ್ಕು ಕೆ.ಜಿ. ಎಲ್ಲಿಂದ ಬಂತು? ಮುಂದಿನ ಚಕ್ರದಿಂದ! ಅಂದರೆ ಬೈಕಿಗೆ ದಾರಿ ತೋರಿಸಬೇಕಾದ ಚಕ್ರವೇ ಹಗುರಾಯಿತು. ಏರಿನಲ್ಲಿ ಅದು ಇನ್ನಷ್ಟು ಹಗುರಾಗುತ್ತದೆ. ಸಡಿಲ ಜಲ್ಲಿಯ ಮೇಲೆ ಹ್ಯಾಂಡಲ್ ಒಂದು ಕಡೆ, ಬೈಕು ಇನ್ನೊಂದು ಕಡೆ. ಆದ್ದರಿಂದಲೇ ಅನುಭವಿಗಳು ಉಪಕರಣ, ಸ್ಟವ್, ನೀರಿನಂಥ ಭಾರದ ಸಾಮಾನುಗಳನ್ನು ತಗ್ಗಿನಲ್ಲಿ, ಸವಾರನ ಕಾಲಿನ ಹತ್ತಿರಕ್ಕೆ ಬರುವಂತೆ ಎರಡು ಪಕ್ಕಗಳಿಗೆ ಸಮನಾಗಿ ಹಂಚುತ್ತಾರೆ. ಬಾಲದ ಮೇಲೆ ಏನಿದ್ದರೂ ಮಲಗುವ ಚೀಲದಂಥ ಹಗುರ ವಸ್ತು. ಹಿಂದಿನ ಸ್ಪ್ರಿಂಗನ್ನು ಹೊರೆಗೆ ತಕ್ಕಂತೆ ಬಿಗಿ ಮಾಡುವುದನ್ನಂತೂ ಮರೆಯುವ ಹಾಗಿಲ್ಲ. ಮರೆತರೆ ಹಿಂಭಾಗ ಕುಸಿದು ಮೂತಿ ಮೇಲೆದ್ದ ದೋಣಿಯಂತಾಗುತ್ತದೆ.

ಪಕ್ಕದ ಪೆಟ್ಟಿಗೆಗಳ ವಿಷಯದಲ್ಲಿ ನೋಟಕ್ಕೆ ಮರುಳಾಗುವವರೇ ಹೆಚ್ಚು. ಅಲ್ಯೂಮಿನಿಯಂ ಪೆಟ್ಟಿಗೆಗೆ ಬೀಗ ಹಾಕಬಹುದು, ಮಳೆ ನುಗ್ಗದು, ಚೆಂದವೂ ಹೌದು. ಆದರೆ ಕಲ್ಲುಹಾದಿಯಲ್ಲಿ ಸವಾರ ಗಾಬರಿಯಿಂದ ಕಾಲು ಊರಿದಾಗ, ಬೈಕು ಮುಂದೆ ಸರಿದು ಆ ಪೆಟ್ಟಿಗೆಯ ಅಂಚು ಅವನ ಮೀನಖಂಡಕ್ಕೆ ಬಡಿಯಬಹುದು. ಕಾಲು ಅದರಡಿ ಸಿಕ್ಕಿ ಮುರಿಯಲೂಬಹುದು. ಡೇರೆ ಹೂಡಲು ಹೊರಟ ಹುಡುಗನಿಗೆ ನೀರು ಹಿಡಿಯದ ಮೆತ್ತನೆಯ ಚೀಲವೇ ವಾಸಿ. ತೂಕವೂ ಕಡಿಮೆ, ಬಿದ್ದರೆ ಜಜ್ಜಿಹೋಗುವುದೂ ಇಲ್ಲ.

ಇಂಥ ಹಾದಿಯಲ್ಲಿ ಸೀಟಿನ ಮೇಲೆ ಕೂರದೆ ಫುಟ್‌ರೆಸ್ಟ್ ಮೇಲೆ ನಿಂತು ಓಡಿಸಬೇಕು ಎನ್ನುತ್ತಾರೆ. ನಿಂತರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ ಎಂಬ ಮಾತೂ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಇದು ತಪ್ಪು. ನಿಂತಾಗ ಮೈ ಮೇಲಕ್ಕೇರುತ್ತದೆ, ಕೇಂದ್ರವೂ ಅದರೊಡನೆ ಏರುತ್ತದೆ. ಲಾಭ ಇರುವುದು ಬೇರೆ ಕಡೆ. ನಿಂತ ಸವಾರನ ಮಂಡಿಗಳೇ ಸ್ಪ್ರಿಂಗುಗಳಾಗುತ್ತವೆ. ಬೈಕು ಅವನ ಕೆಳಗೆ ಆಚೀಚೆ ವಾಲಾಡಲು ಬಿಡುವು ಸಿಗುತ್ತದೆ, ದಾರಿಯೂ ದೂರದವರೆಗೆ ಕಾಣುತ್ತದೆ. ಬಾಲದ ಮೇಲೆ ಬಿಗಿದ ಗಂಟಿಗೆ ಮಾತ್ರ ಮಂಡಿಗಳಿಲ್ಲ. ಪ್ರತಿ ಕಲ್ಲಿನ ಪೆಟ್ಟನ್ನೂ ಅದು ನೇರವಾಗಿ ಬೈಕಿಗೇ ದಾಟಿಸುತ್ತದೆ.

ಹೊರೆ ಇಳಿಸಲು ಎಲ್ಲಿಂದ ಶುರು ಮಾಡಬೇಕು? ಪೆಟ್ರೋಲ್ ಕ್ಯಾನಿನಿಂದ. ಫೋಟೋಗಳಲ್ಲಿ ಕಾಣುವ ಪ್ರತಿ ಬೈಕಿನ ಪಕ್ಕದಲ್ಲೂ ಒಂದು ಕ್ಯಾನು ಜೋತಾಡುತ್ತಿರುತ್ತದೆ. ಮನಾಲಿಯಿಂದ ಸ್ಪಿತಿಯ ಮುಖ್ಯ ಊರು ಕಾಜಾಕ್ಕೆ ಸುಮಾರು 200 ಕಿ.ಮೀ. ನಡುವೆ ಚಂದ್ರತಾಲ್‌ಗೆ ಹೋಗಿಬರಲು ಇನ್ನೊಂದು 30 ಕಿ.ಮೀ. ಕೆಟ್ಟ ಹಾದಿಯಲ್ಲಿ ಲೀಟರಿಗೆ 20 ಕಿ.ಮೀ. ಮಾತ್ರ ಎಂದುಕೊಂಡರೂ 12 ಲೀಟರ್ ಸಾಕು. ಟ್ಯಾಂಕು ಹಿಡಿಯುವುದೇ 15 ಲೀಟರ್. ಹೊಸ ಮಾದರಿಯದು 17. ಕಾಜಾದಲ್ಲಿ ಬಂಕ್ ಇದೆ, ಜಗತ್ತಿನ ಅತಿ ಎತ್ತರದ ಬಂಕುಗಳಲ್ಲೊಂದು ಎಂಬ ಹೆಸರೂ ಅದಕ್ಕಿದೆ. ಅಂದಮೇಲೆ ಎಂಟು ಹತ್ತು ಕೆ.ಜಿ. ಪೆಟ್ರೋಲನ್ನು ಸುಮ್ಮನೆ ಹೊತ್ತು ಮೆರೆಸುವುದೇಕೆ?

ಹಳ್ಳ ದಾಟುವಾಗ ಈ ಪ್ರತಿ ಕೆ.ಜಿ.ಗೂ ಬೆಲೆ ಕಟ್ಟಬೇಕಾಗುತ್ತದೆ. ಛತ್ರುವಿನಿಂದ ಬಾತಲ್‌ವರೆಗೆ ಹಾದಿಗೆ ಅಡ್ಡವಾಗಿ ಹರಿಯುವ ನೀರು ಹಿಮನದಿಗಳು ಕರಗಿ ಬಂದದ್ದು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ, ಬಿಸಿಲೇರಿ ಮಂಜು ಕರಗಿ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಮುಟ್ಟಬಹುದು. ತಡವಾಗಿ ಎದ್ದು ನಿಧಾನ ಹೊರಡುವವರಿಗೆ ಇಲ್ಲಿ ಶಿಕ್ಷೆ ಖಚಿತ. ಮೊದಲು ದಡದಲ್ಲಿ ನಿಂತು ಟ್ರಕ್ಕೋ ಜೀಪೋ ದಾಟುವುದನ್ನು ನೋಡಿದರೆ ಆಳ ತಿಳಿಯುತ್ತದೆ. ನಡೆದು ದಾಟಲು ಭಯವಾಗುವ ನೀರಿಗೆ ಬೈಕು ಇಳಿಸಲೇಬಾರದು. ಇಳಿದ ಮೇಲೆ ಮೊದಲನೇ ಗೇರು, ಒಂದೇ ಸಮನೆ ಆಕ್ಸಿಲರೇಟರ್, ಕಣ್ಣು ಆಚೆ ದಡದ ಮೇಲೆ. ಅಕಸ್ಮಾತ್ ಬೈಕು ಮಲಗಿ ಎಂಜಿನ್ನಿಗೆ ನೀರು ಹೋಗಿದ್ದರೆ ಸ್ಟಾರ್ಟ್ ಬಟನ್ ಒತ್ತುವ ಆತುರ ಬೇಡ. ಸಿಲಿಂಡರಿನಲ್ಲಿ ಸೇರಿದ ನೀರು ಅದುಮಿದರೆ ಕುಗ್ಗದು, ಎಂಜಿನ್ನಿನ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಬುದ್ಧಿವಂತರ ಉಪಾಯ ಇನ್ನೂ ಸರಳ. ಗಂಟುಗಳನ್ನು ಬಿಚ್ಚಿ, ಇಬ್ಬರು ಅವನ್ನು ಹೊತ್ತು ದಾಟಿಸಿ, ಆಮೇಲೆ ಖಾಲಿ ಬೈಕನ್ನು ಇಳಿಸುವುದು. ಬಿದ್ದರೂ ರಾತ್ರಿ ಮಲಗಲು ಒಣ ಚೀಲವಾದರೂ ಇರುತ್ತದೆ.

ಹೊರೆಗಿಂತ ಅಪಾಯದ ಸಂಗತಿ ಇನ್ನೊಂದಿದೆ, ಅದು ಎತ್ತರ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಚಂದ್ರತಾಲ್ 4,250 ಮೀಟರ್‌ಗೂ ಮೇಲೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಒಂದೇ ದಿನದಲ್ಲಿ ಅಲ್ಲಿಗೆ ತಲುಪಿ ಡೇರೆ ಹೂಡಬಹುದು. ಹಾಗೆ ಮಾಡಬಾರದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಸಲಹೆ. ತಲೆನೋವು, ವಾಕರಿಕೆ ಬಂದರೆ ಮೇಲೇರುವುದನ್ನು ನಿಲ್ಲಿಸಬೇಕು. ನಡೆಯುವಾಗ ತೂರಾಡಿದರೆ, ಕೂತಲ್ಲೇ ಉಸಿರು ಕಟ್ಟಿದರೆ ಆ ಕ್ಷಣವೇ ಕೆಳಗಿಳಿಸಬೇಕು. ಶಿಮ್ಲಾ, ಕಿನ್ನೌರ್ ಮೂಲಕ ಕಾಜಾ ತಲುಪಿ, ಅಲ್ಲಿಂದ ಕುಂಜುಮ್ ಕಣಿವೆಮಾರ್ಗ ದಾಟಿ ಬರುವುದು ಸುತ್ತು ದಾರಿಯಾದರೂ ಮೈಗೆ ಹಿತ.

ಸಾಹಸ ಅಂದರೆ ಡಕಾರ್ ರ‍್ಯಾಲಿ ಎನ್ನುವ ಹುಡುಗರಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಆ ಸಾಧನೆ ಮಾಡಿದರು. ಆದರೆ ಮರಳುಗಾಡಿನಲ್ಲಿ ಹಾರುವ ಆ ಬೈಕುಗಳ ಬೆನ್ನ ಮೇಲೆ ಡೇರೆಯಾಗಲಿ ಹಾಸಿಗೆಯಾಗಲಿ ಇರುವುದಿಲ್ಲ. ಅದೆಲ್ಲ ಬೇರೆ ವಾಹನದಲ್ಲಿ ಮುಂದಿನ ಶಿಬಿರಕ್ಕೆ ಹೋಗಿರುತ್ತದೆ.

ಹೊರೆ ಹೊತ್ತು ಓಡಿಸುವುದನ್ನು ಕಲಿಯಲು ಹಿಮಾಲಯದವರೆಗೆ ಹೋಗಬೇಕಿಲ್ಲ. ಊರಿನ ಮಣ್ಣಿನ ಹಾದಿ ಸಾಕು, ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳವಾದರೂ ಆದೀತು. (ಕಾಡಿನೊಳಗೆ, ಮಲೆನಾಡಿನ ಹುಲ್ಲುಗುಡ್ಡಗಳ ಮೇಲೆ ಬೈಕು ಹತ್ತಿಸುವುದು ಕಲಿಕೆಯಲ್ಲ, ಹಾಳುಗೆಡಹುವುದು.) ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ಗಂಟನ್ನೆಲ್ಲ ಕಟ್ಟಿ, ಮಗ ಅಂಗಳದಲ್ಲಿ ಬೈಕನ್ನು ಬೇಕೆಂದೇ ಮೆಲ್ಲಗೆ ಮಲಗಿಸಲಿ, ಬೆನ್ನನ್ನು ಸೀಟಿಗೆ ಒತ್ತಿ, ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಚೌಕಟ್ಟು ಹಿಡಿದು, ಸೊಂಟದಿಂದಲ್ಲ, ಕಾಲುಗಳ ಬಲದಿಂದ ಹಿಮ್ಮುಖವಾಗಿ ನಡೆಯುತ್ತ ಎತ್ತಲಿ. ಅಪ್ಪ ಅಮ್ಮ ನೋಡುತ್ತಿರಲಿ. ಎತ್ತಲಾಗದಿದ್ದರೆ ಗಂಟು ಬಿಚ್ಚಿ ಎರಡನೆಯ ಜೀನ್ಸು, ಮೂರನೆಯ ಶೂ, ಅಮ್ಮ ಒತ್ತಾಯದಿಂದ ಇಟ್ಟ ಚಕ್ಕುಲಿ ಡಬ್ಬಿ ಹೊರಗೆ ಬರಬೇಕು. ಚಕ್ಕುಲಿಯ ವಿಷಯದಲ್ಲಿ ಜಗಳವಾದೀತು, ಇರಲಿ.

ಚಂದ್ರತಾಲ್ 2005ರಿಂದ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದ ಜಲಪ್ರದೇಶ. ಅದರ ದಡದಲ್ಲಿ ಡೇರೆ ಹೂಡುವಂತಿಲ್ಲ. ಕೆಲವು ಕಿಲೋಮೀಟರ್ ಕೆಳಗಿನ ಶಿಬಿರದ ಜಾಗದಲ್ಲಿ ಇಳಿದು, ಕೊನೆಯ ದಾರಿಯನ್ನು ನಡೆದೇ ಹೋಗಬೇಕು. ಅಲ್ಲಿ ರಾತ್ರಿ ಕಳೆದವರು ಹಳ್ಳಗಳು ಏರುವ ಮೊದಲೇ, ಇನ್ನೂ ಬಿಸಿಲು ಮೂಡದ ಚಳಿಯಲ್ಲಿ ಡೇರೆ ಮಡಚುತ್ತಾರೆ. ಹೊರಟ ಬೈಕುಗಳಲ್ಲಿ ಭಾರದ ಸಾಮಾನು ತಗ್ಗಿನಲ್ಲಿ, ಮಲಗುವ ಚೀಲ ಅದರ ಮೇಲೆ. ಬಾಲದ ತುದಿಯಲ್ಲಿ ಬಿಸ್ಕತ್ ಪೊಟ್ಟಣ, ನೂಡಲ್ಸ್ ಕವರು ತುಂಬಿದ ಕಸದ ಚೀಲವೊಂದು ಗಾಳಿಗೆ ಪಟಪಟ ಎನ್ನುತ್ತಿರುತ್ತದೆ.