ಉಳಿದವರ ಒಡಲಲ್ಲಿ ಸಿಕ್ಕ ಸುಳಿವು

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದರೆ ವೈದ್ಯರ ದನಿಯೂ ತಗ್ಗುತ್ತದೆ. ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡು ಮಲಗಿರುವ ಗೇಣುದ್ದದ ಅಂಗ ಅದು. ಅಲ್ಲಿ ಗಡ್ಡೆ ಬೆಳೆದರೆ ಕೈಗೆ ಸಿಗದು, ಬಹುಕಾಲ ನೋವೂ ಕೊಡದು. ಗೊತ್ತಾಗುವ ಹೊತ್ತಿಗೆ ಐವರಲ್ಲಿ ಒಬ್ಬರಿಗಷ್ಟೇ ಶಸ್ತ್ರಚಿಕಿತ್ಸೆ ಸಾಧ್ಯ. ಅಮೆರಿಕದಲ್ಲೂ ನೂರರಲ್ಲಿ ಐದು ವರ್ಷ ದಾಟುವವರು ಸುಮಾರು 13 ಮಂದಿ.

ಈ ಜನ ಇಷ್ಟು ಬೇಗ ಸಾಯುವುದೇಕೆ ಎಂದೇ ಎಲ್ಲರೂ ಕೇಳುತ್ತಿದ್ದರು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಶಸ್ತ್ರವೈದ್ಯ, ವಿಜ್ಞಾನಿ ವಿನೋದ್ ಬಾಲಚಂದ್ರನ್ ಆ ಪ್ರಶ್ನೆಯನ್ನೇ ಮಗುಚಿ ಹಾಕಿದರು: ಬೆರಳೆಣಿಕೆಯ ಕೆಲವರು ಉಳಿದರಲ್ಲ, ಅವರು ಉಳಿದದ್ದು ಹೇಗೆ?

ಅಂಥವರ ದೇಹದಿಂದ ಹಿಂದೆ ತೆಗೆದಿಟ್ಟಿದ್ದ ಗಡ್ಡೆಗಳನ್ನು ಅವರ ತಂಡ ಪ್ರಯೋಗಾಲಯದಲ್ಲಿ ಹುಡುಕಿ ನೋಡಿತು. ಕಂಡದ್ದೇನು ಗೊತ್ತೇ? ಗಡ್ಡೆಯ ಒಳಗೆ ರೋಗನಿರೋಧಕ ವ್ಯವಸ್ಥೆಯ ಕಾದಾಳುಗಳಾದ ಟಿ ಕೋಶಗಳ ಸೇನೆ! ಬೇಗ ತೀರಿಕೊಂಡವರ ಗಡ್ಡೆಗಳಿಗೆ ಹೋಲಿಸಿದರೆ, ಎಚ್ಚೆತ್ತು ಕಾದಾಡುವ ಟಿ ಕೋಶಗಳು ಹನ್ನೆರಡು ಪಟ್ಟಿನವರೆಗೂ ಹೆಚ್ಚು. ಕ್ಯಾನ್ಸರ್ ಕೋಶ ರೂಪಾಂತರಗೊಳ್ಳುವಾಗ ಅದರ ಮೈಮೇಲೆ ಹೊಸ ಪ್ರೋಟೀನ್ ತುಣುಕುಗಳು ಮೂಡುತ್ತವೆ. ಅವೇ ನಿಯೋಆಂಟಿಜೆನ್‌ಗಳು. ಉಳಿದವರ ದೇಹ ಆ ಗುರುತನ್ನು ಪತ್ತೆಹಚ್ಚಿ ಕಳ್ಳನನ್ನು ಹಿಡಿದಿತ್ತು. ವರ್ಷಗಳ ಮೇಲೂ ಆ ಕಾವಲುಗಾರರು ಅವರ ರಕ್ತದಲ್ಲಿ ಸುತ್ತುತ್ತಲೇ ಇದ್ದರು! 2017ರಲ್ಲಿ 'ನೇಚರ್' ಪತ್ರಿಕೆ ಈ ಸಂಗತಿಯನ್ನು ಪ್ರಕಟಿಸಿತು. ರೋಗನಿರೋಧಕ ಶಕ್ತಿಗೆ ಕಾಣಿಸದ ಕ್ಯಾನ್ಸರ್ ಎಂದು ಎಷ್ಟೋ ಮಂದಿ ಕೈಬಿಟ್ಟಿದ್ದ ರೋಗ ಇದು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಪ್ರಕೃತಿ ಕೆಲವರಿಗೆ ಕೊಟ್ಟದ್ದನ್ನು ಮಿಕ್ಕ ರೋಗಿಗಳಿಗೆ ಲಸಿಕೆಯಾಗಿ ಕೊಡಬಹುದೇ? ಜರ್ಮನಿಯ ಮೈನ್ಜ್ ನಗರದ ಬಯಾನ್‌ಟೆಕ್ ಕಂಪನಿಯ ಜೊತೆ ಸೇರಿ ಬಾಲಚಂದ್ರನ್ ಕೈಹಾಕಿದ್ದು ಈ ಸಾಹಸಕ್ಕೆ. ಪ್ರಯೋಗ ಶುರುವಾದದ್ದು 2019ರ ಡಿಸೆಂಬರಿನಲ್ಲಿ. ಕೋವಿಡ್ ಲಸಿಕೆಯಿಂದ ಎಂಆರ್‌ಎನ್‌ಎ ಎಂಬ ಪದ ಮನೆಮಾತಾಗುವುದಕ್ಕೂ ಮೊದಲು! ನ್ಯೂಯಾರ್ಕಿನಲ್ಲಿ ಗಡ್ಡೆ ತೆಗೆಯುತ್ತಾರೆ, ತುಣುಕು ಸಾಗರ ದಾಟಿ ಮೈನ್ಜ್‌ಗೆ ಹಾರುತ್ತದೆ. ಅಲ್ಲಿ ಅದರ ಜೀನುಗಳನ್ನು ಓದಿ, ಹೆಚ್ಚೆಂದರೆ 20 ನಿಯೋಆಂಟಿಜೆನ್‌ಗಳನ್ನು ಆರಿಸಿ, ಆ ಒಬ್ಬ ರೋಗಿಗೆಂದೇ ಎಂಆರ್‌ಎನ್‌ಎ ಲಸಿಕೆ ತಯಾರಿಸುತ್ತಾರೆ. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಬಾರದು. ಅಳತೆ ತೆಗೆದು ಹೊಲಿದ ಅಂಗಿ ಅನ್ನಿ. ಶಸ್ತ್ರಚಿಕಿತ್ಸೆಯಾಗಿ ಸುಮಾರು ಒಂಬತ್ತು ವಾರಕ್ಕೆ ಅದು ರೋಗಿಯ ರಕ್ತನಾಳ ಸೇರುತ್ತದೆ. ಜೊತೆಗೆ ಇಮ್ಯುನೋಥೆರಪಿಯ ಔಷಧ, ಬಳಿಕ ಕೀಮೋಥೆರಪಿ.

ಲಸಿಕೆ ಪಡೆದವರು 16 ಮಂದಿ. ಅವರಲ್ಲಿ 8 ಮಂದಿಯ ದೇಹ ಓಗೊಟ್ಟಿತು. ಆ ಎಂಟು ಮಂದಿ ಹುಟ್ಟಿನಿಂದಲೇ ಗಟ್ಟಿ ರೋಗನಿರೋಧಕ ಶಕ್ತಿಯವರಾಗಿದ್ದರೆ? ನನಗೂ ಬಂದ ಸಂಶಯ ಇದು. ಅದಕ್ಕೆ ಸಿಕ್ಕ ಉತ್ತರ ಎಷ್ಟು ಚೆಂದ ನೋಡಿ. ಅದೇ ದಿನಗಳಲ್ಲಿ ಈ ರೋಗಿಗಳು ಕೋವಿಡ್ ಲಸಿಕೆಯನ್ನೂ ಪಡೆದಿದ್ದರು. ಅದಕ್ಕೆ ಎರಡೂ ಗುಂಪಿನ ದೇಹಗಳು ಒಂದೇ ತೆರನಾಗಿ ಸ್ಪಂದಿಸಿದ್ದವು!

2025ರ ಫೆಬ್ರವರಿಯಲ್ಲಿ ಬಂದದ್ದು ಈ ರೋಗಿಗಳನ್ನು ಮೂರು ವರ್ಷಕ್ಕೂ ಮೀರಿ ಗಮನಿಸಿದ ಲೆಕ್ಕ. ಲಸಿಕೆ ಎಬ್ಬಿಸಿದ ಟಿ ಕೋಶ ಸಂತತಿಗಳ ಆಯುಸ್ಸು ಸರಾಸರಿ 7.7 ವರ್ಷ ಇರಬಹುದೆಂದು ಅಂದಾಜು. ಕೆಲವು ದಶಕಗಳನ್ನೇ ದಾಟಬಹುದಂತೆ. ದಶಕಗಳು! ತಿಂಗಳುಗಳಲ್ಲಿ ಆಯುಸ್ಸು ಎಣಿಸುತ್ತಿದ್ದ ಕಾಯಿಲೆಯ ಎದುರು ಈ ಮಾತು!

ಹದಿನಾರು ಮಂದಿಯ ಮೇಲೆ ತೀರ್ಪು ಕೊಡಲಾಗದು ನಿಜ. ಅದಕ್ಕೇ ಹಲವು ದೇಶಗಳಲ್ಲಿ ಸುಮಾರು 260 ರೋಗಿಗಳನ್ನು ಸೇರಿಸಿಕೊಳ್ಳುವ ಎರಡನೇ ಹಂತದ ಪ್ರಯೋಗ 2023ರಲ್ಲೇ ಶುರುವಾಗಿದೆ. ಆದರೂ ಈ ಹದಿನಾರು ಮಂದಿಯ ಮೊದಲ ಹಂತದಲ್ಲಿ ಲಸಿಕೆಗೆ ಸ್ಪಂದಿಸದ ಎಂಟು ಮಂದಿಯಲ್ಲಿ ಏಳು ಮಂದಿಗೆ ಕ್ಯಾನ್ಸರ್ ಮರಳಿತು. ಸ್ಪಂದಿಸಿದ ಎಂಟು ಮಂದಿಯಲ್ಲಿ ಅದು ಮರಳಿದ್ದು ಇಬ್ಬರಿಗೆ ಮಾತ್ರ.