ಬಣ್ಣ ಹಚ್ಚಿದ್ರೆ ಮನಸ್ಸು ಹಗುರ ಆಗುತ್ತಾ? ಏನಿದು ಆರ್ಟ್ ಥೆರಪಿ, ಯಾರಿಗೆ ಎಷ್ಟು ಉಪಯೋಗ?

ರಾತ್ರಿ ಒಂಬತ್ತೂವರೆಗೆ ಅಂಗಡಿ ಶಟರ್ ಎಳೆದು, ಗಲ್ಲಾಪೆಟ್ಟಿಗೆ ಲೆಕ್ಕ ಮುಗಿಸಿ, ಊಟ ಮಾಡಿ ಮಲಗಿದ್ರೂ ಎಷ್ಟೋ ಜನರಿಗೆ ನಿದ್ದೆ ಹತ್ತಲ್ಲ. ಹೋಲ್‌ಸೇಲ್ ಅಂಗಡಿಯ ಬಾಕಿ, ಸಂಘದ ಸಾಲದ ಕಂತು, ಮಗಳ ಕಾಲೇಜು ಫೀಸು ಎಲ್ಲ ತಲೆಯಲ್ಲೇ ಸುತ್ತುತ್ತಿರುತ್ತೆ. ಮೊಬೈಲ್ ಹಿಡಿದ್ರೆ ಗಂಟೆ ಹನ್ನೆರಡು. ಈಗ ಅದೇ ಮೊಬೈಲ್‌ನಲ್ಲಿ ಹೊಸ ಸಲಹೆಯೊಂದು ಓಡಾಡ್ತಿದೆ: ಬಣ್ಣ ಹಚ್ಚಿ, ಟೆನ್ಷನ್ ಮರೆಯಿರಿ. ದೊಡ್ಡವರಿಗಂತಲೇ ಕಲರಿಂಗ್ ಪುಸ್ತಕ ಬಂದಿವೆ. ರೂಮಿಗೆ ನೀಲಿ ಬಲ್ಬ್ ಹಾಕಿದ್ರೆ ಚಿಂತೆ ಹೋಗುತ್ತೆ ಅನ್ನೋರೂ ಇದ್ದಾರೆ.

ಇದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು? ಚಿತ್ರ ಬಿಡಿಸುವ ಕೆಲಸದಿಂದ ಮನಸ್ಸಿಗೆ ಸಮಾಧಾನ ಸಿಗುತ್ತೆ ಅನ್ನೋದಕ್ಕೆ ಆಧಾರ ಇದೆ. ಯಾವುದೋ ಒಂದು ಬಣ್ಣವೇ ಔಷಧ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಇವೆರಡನ್ನೂ ಒಂದೇ ಅಂದುಕೊಂಡಾಗಲೇ ದುಡ್ಡು ಹೋಗೋದು, ಕೆಲವು ಸಲ ಆರೋಗ್ಯವೂ ಹೋಗೋದು.

ಶುರುವಾಗಿದ್ದು ಟಿಬಿ ಆಸ್ಪತ್ರೆಯಲ್ಲಿ

ಆರ್ಟ್ ಥೆರಪಿ ಅನ್ನೋ ಹೆಸರು ಬಳಕೆಗೆ ತಂದವರು ಇಂಗ್ಲೆಂಡಿನ ಚಿತ್ರಕಲಾವಿದ ಏಡ್ರಿಯನ್ ಹಿಲ್. 1938ರಲ್ಲಿ ಅವರಿಗೆ ಕ್ಷಯರೋಗ ಬಂದು ಸಸೆಕ್ಸ್ ಪ್ರಾಂತ್ಯದ ಆಸ್ಪತ್ರೆಯೊಂದಕ್ಕೆ ಸೇರಿದ್ರು. ಆಗ ಟಿಬಿಗೆ ಈಗಿನ ಮಾತ್ರೆಗಳು ಇರಲಿಲ್ಲ. ಒಳ್ಳೆ ಗಾಳಿ, ಒಳ್ಳೆ ಊಟ, ತಿಂಗಳುಗಟ್ಟಲೆ ಹಾಸಿಗೆ. ಅಷ್ಟೇ ಚಿಕಿತ್ಸೆ. ಮಲಗಿದಲ್ಲೇ ಕಣ್ಣಿಗೆ ಬಿದ್ದದ್ದನ್ನು ಹಿಲ್ ಬಿಡಿಸುತ್ತಾ ಹೋದ್ರು. ದಿನ ಕಳೆಯೋದು ಸುಲಭವಾಯ್ತು, ಮನಸ್ಸು ಕುಗ್ಗೋದು ಕಡಿಮೆಯಾಯ್ತು. ಆಮೇಲೆ ಪಕ್ಕದ ಹಾಸಿಗೆಯವರಿಗೂ ಪೆನ್ಸಿಲ್ ಕೊಡಿಸಿದ್ರು. 1942ರಲ್ಲಿ ಇದಕ್ಕೆ ಆರ್ಟ್ ಥೆರಪಿ ಅಂತ ಹೆಸರಿಟ್ಟು, 1945ರಲ್ಲಿ ಪುಸ್ತಕವನ್ನೂ ಬರೆದ್ರು.

ಮರುವರ್ಷ, 1946ರಲ್ಲಿ, ಎಡ್ವರ್ಡ್ ಆಡಮ್ಸನ್ ಅನ್ನೋ ಇನ್ನೊಬ್ಬ ಕಲಾವಿದ ನೆದರ್ನ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳಿಗೆ ಚಿತ್ರ ಬಿಡಿಸಲು ಜಾಗ ಮಾಡಿಕೊಟ್ರು. ಹೀಗೆ ಬಿಡಿಸಿ, ಹಾಗೆ ಬಿಡಿಸಿ ಅಂತ ಅವರು ಹೇಳಿಕೊಡುತ್ತಿರಲಿಲ್ಲ. ಕಾಗದ, ಬಣ್ಣ, ಕೂರೋಕೆ ಜಾಗ ಕೊಟ್ಟು ಸುಮ್ಮನಿರುತ್ತಿದ್ರು. ನಮ್ಮಲ್ಲಿ ಮಗು ಆನೆ ಬಿಡಿಸಿದ್ರೆ ಸೊಂಡಿಲು ಸರಿಯಿಲ್ಲ ಅಂತ ಮೊದಲು ಹೇಳ್ತೀವಲ್ಲ, ಅದರ ಉಲ್ಟಾ.

ಪರೀಕ್ಷೆ ಮಾಡಿದಾಗ ಕಂಡಿದ್ದೇನು?

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ತಂಡ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 39 ವಯಸ್ಕರಿಗೆ ಕಾಗದ, ಸ್ಕೆಚ್ ಪೆನ್, ಜೇಡಿಮಣ್ಣು ಕೊಟ್ಟು 45 ನಿಮಿಷ ಇಷ್ಟ ಬಂದದ್ದು ಮಾಡಿ ಅಂದ್ರು. ಮೊದಲು ಮತ್ತು ನಂತರ ಎಂಜಲು ತೆಗೆದು ಕಾರ್ಟಿಸೋಲ್ ಅಳೆದ್ರು. ಒತ್ತಡ ಹೆಚ್ಚಾದಾಗ ಮೈಯಲ್ಲಿ ಏರುವ ಹಾರ್ಮೋನ್ ಇದು. ಸುಮಾರು 75% ಜನರಲ್ಲಿ ಅದು ಇಳಿದಿತ್ತು. ಚಿತ್ರ ಬಿಡಿಸೋ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಇದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ‘ನನಗೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ’ ಅನ್ನೋರು ಇದನ್ನು ಗಮನಿಸಬೇಕು.

ಆದ್ರೆ ಇದು ಸಣ್ಣ ಅಧ್ಯಯನ. ಸುಮ್ಮನೆ ಕೂತಿದ್ದವರ ಜೊತೆ ಹೋಲಿಸಿ ನೋಡಿಲ್ಲ. ಉಳಿದ ಕಾಲು ಭಾಗ ಜನರಲ್ಲಿ ಕಾರ್ಟಿಸೋಲ್ ಇಳಿಯಲೂ ಇಲ್ಲ. ಹಾಗಾಗಿ ಎಲ್ಲರಿಗೂ ಗ್ಯಾರಂಟಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಕಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಸಂಗೀತ, ನೃತ್ಯ, ಚಿತ್ರಕಲೆ ಇವೆಲ್ಲ ಆರೋಗ್ಯಕ್ಕೆ ನೆರವಾಗುತ್ತವೆ ಅಂತ ವರದಿ ಕೊಟ್ಟಿದೆ. ನೆರವು ಅಂದ್ರೆ ನೆರವು. ಚಿಕಿತ್ಸೆಯ ಬದಲಿಗೆ ಅಂತಲ್ಲ.

ಚುಕ್ಕಿ ಇದ್ದರೆ ರಂಗೋಲಿ ಸಲೀಸು

ಇನ್ನೊಂದು ಅಧ್ಯಯನ ನಮ್ಮ ಮನೆ ಬಾಗಿಲಿಗೆ ಹತ್ತಿರದ್ದು. 2005ರಲ್ಲಿ ಅಮೆರಿಕದಲ್ಲಿ 84 ಕಾಲೇಜು ವಿದ್ಯಾರ್ಥಿಗಳಿಗೆ ಮೊದಲು ತಮಗೆ ತುಂಬಾ ಭಯವಾಗಿದ್ದ ಸಂದರ್ಭ ನೆನಪಿಸಿಕೊಂಡು ಬರೆಯಲು ಹೇಳಿದ್ರು. ಆತಂಕ ಏರಿದ ಮೇಲೆ ಒಂದು ಗುಂಪಿಗೆ ಮಂಡಲದ ಚಿತ್ರ, ಇನ್ನೊಂದಕ್ಕೆ ಚೌಕಳಿ ವಿನ್ಯಾಸ, ಮೂರನೆಯದಕ್ಕೆ ಬರೀ ಖಾಲಿ ಹಾಳೆ ಕೊಟ್ಟು ಬಣ್ಣ ಹಚ್ಚಿಸಿದ್ರು. ಮೊದಲೆರಡು ಗುಂಪಿನವರ ಆತಂಕ ಚೆನ್ನಾಗಿ ಇಳಿಯಿತು. ಖಾಲಿ ಹಾಳೆಯವರಿಗೆ ಅಷ್ಟು ಉಪಯೋಗವಾಗಲಿಲ್ಲ.

ಕಾರಣ ಊಹಿಸೋದು ಕಷ್ಟವಲ್ಲ. ತಲೆ ಕೆಟ್ಟಿರುವಾಗ ಖಾಲಿ ಹಾಳೆ ಮುಂದಿಟ್ಟರೆ ‘ಏನು ಬಿಡಿಸಲಿ’ ಅನ್ನೋದೇ ಇನ್ನೊಂದು ಚಿಂತೆ. ವಿನ್ಯಾಸ ಸಿದ್ಧವಿದ್ರೆ ಕೈ ತಾನಾಗಿ ಹೋಗುತ್ತೆ, ಗಮನ ಅಲ್ಲೇ ನಿಲ್ಲುತ್ತೆ, ಅದೇ ಚಿಂತೆಯನ್ನು ಮತ್ತೆ ಮತ್ತೆ ಮೆಲುಕು ಹಾಕೋಕೆ ಪುರುಸೊತ್ತು ಸಿಗಲ್ಲ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ಚುಕ್ಕಿ ಇಟ್ಟು, ಎಣಿಸಿ, ಎಳೆ ಸುತ್ತುವ ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ಸಾಗರ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರವೂ ಹೀಗೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳುಪು, ಪುಂಡಿ ನಾರಿನ ಕುಂಚ, ಒಂದರ ಪಕ್ಕ ಒಂದು ಸಣ್ಣ ಗೆರೆ. ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯಲು ಕೂತವರು ಪಕ್ಕದಲ್ಲಿ ಕೂಗಿದ್ರೂ ಕತ್ತೆತ್ತಲ್ಲ. ಇವನ್ನು ಯಾರೂ ಥೆರಪಿ ಅಂತ ಕರೆದಿಲ್ಲ, ಕರೆಯಲೇಬೇಕು ಅಂತಲೂ ಇಲ್ಲ.

ಗುಲಾಬಿ ಜೈಲಿನ ಕಥೆ

ಇನ್ನು ಬಣ್ಣದ ವಿಚಾರ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆ ಜೈಲಿನ ಒಂದು ಕೋಣೆಗೆ ಗುಲಾಬಿ ಬಣ್ಣ ಬಳಿಸಿದ್ರು. ಈ ಬಣ್ಣ ನೋಡಿದ್ರೆ ಕೈದಿಗಳ ಸಿಟ್ಟು ಇಳಿಯುತ್ತೆ ಅಂತ ಸಂಶೋಧಕ ಅಲೆಕ್ಸಾಂಡರ್ ಶಾಸ್ ಹೇಳಿದ್ರು. ಸುದ್ದಿ ಹಬ್ಬಿ ಬೇರೆ ಬೇರೆ ಕಡೆಯ ಜೈಲುಗಳೂ ಗುಲಾಬಿ ಆದ್ವು. ಆದ್ರೆ 2015ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡ್ ಜೈಲಿನ ಅಧ್ಯಯನದಲ್ಲಿ ಗುಲಾಬಿ ಕೋಣೆಯವರಿಗೂ ಬಿಳಿ ಕೋಣೆಯವರಿಗೂ ಸಿಟ್ಟಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಬಣ್ಣದ ಅರ್ಥ ಊರಿಂದ ಊರಿಗೆ ಬೇರೆ. ಬಿಳಿ ಬಟ್ಟೆ ನಮ್ಮಲ್ಲಿ ಸಾವಿನ ಮನೆ ನೆನಪಿಸಿದ್ರೆ ಚರ್ಚಿನಲ್ಲಿ ಮದುಮಗಳ ಗೌನು ಬಿಳಿ. ಅಂದಮೇಲೆ ಇಂಥ ಬಣ್ಣ ಇಂಥ ಕಾಯಿಲೆಗೆ ಅಂತ ಚಾರ್ಟ್ ತೋರಿಸಿ ಲ್ಯಾಂಪು, ಬಣ್ಣದ ನೀರು, ಕಲ್ಲು ಮಾರುವವರ ಹತ್ತಿರ ಹುಷಾರಾಗಿರಬೇಕು. ಇಷ್ಟದ ಬಣ್ಣ ಗೋಡೆಗೆ ಹೊಡೆಸಿದ್ರೆ ಖುಷಿ ಆಗುತ್ತೆ ಅನ್ನೋದು ಬೇರೆ ಮಾತು, ಅದಕ್ಕೆ ಯಾರ ಸರ್ಟಿಫಿಕೇಟೂ ಬೇಡ.

ಥೆರಪಿಸ್ಟ್ ಅಂದ್ರೆ ಯಾರು?

ಮನೆಯಲ್ಲಿ ಕೂತು ಬಣ್ಣ ಹಚ್ಚೋದು ಹವ್ಯಾಸ. ತರಬೇತಾದವರ ಎದುರು ಚಿತ್ರ ಬಿಡಿಸಿ, ಅದನ್ನು ಹಿಡಿದು ನೋವಿನ ಮಾತಾಡೋದು ಥೆರಪಿ. ಬ್ರಿಟನ್‌ನಲ್ಲಿ ಸರ್ಕಾರಿ ನೋಂದಣಿ ಇಲ್ಲದೆ ಆರ್ಟ್ ಥೆರಪಿಸ್ಟ್ ಅಂತ ಬೋರ್ಡ್ ಹಾಕೋ ಹಾಗಿಲ್ಲ. ಇಲ್ಲಿ ಆ ಕಟ್ಟುನಿಟ್ಟು ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಬಗ್ಗೆ ಹೇಳುತ್ತೆ, ಆರ್ಟ್ ಥೆರಪಿಸ್ಟ್‌ಗಳ ಹೆಸರು ಅದರಲ್ಲಿಲ್ಲ. ಹಾಗಾಗಿ ಫೀಸು ಕಟ್ಟುವ ಮುಂಚೆ ಏನು ಓದಿದ್ದಾರೆ, ಎಲ್ಲಿ ತರಬೇತಿ ಅಂತ ಕೇಳೋದು ತಪ್ಪಲ್ಲ. ಮಾತ್ರೆ ಬಿಡಿ ಅಂದವರ ಹತ್ತಿರ ಎರಡನೇ ಸಲ ಹೋಗಬಾರದು. ಮಗು ಕಪ್ಪು ಬಣ್ಣ ಜಾಸ್ತಿ ಹಚ್ಚಿದೆ, ಡಿಪ್ರೆಷನ್ ಇದೆ ಅಂತ ಒಂದು ಚಿತ್ರ ನೋಡಿ ಹೇಳಿದವರನ್ನೂ ನಂಬಬೇಡಿ. ಡಬ್ಬಿಯಲ್ಲಿ ಉಳಿದಿದ್ದ ಕ್ರೇಯಾನ್ ಕಪ್ಪೊಂದೇ ಇರಬಹುದು.

ಖರ್ಚಿಲ್ಲದೆ ಶುರು ಮಾಡೋದು ಹೇಗೆ?

ಒಂದು ಡಬ್ಬಿ ಕ್ರೇಯಾನ್, ಒಂದು ಡ್ರಾಯಿಂಗ್ ಬುಕ್ ಸಾಕು. ಹಳೇ ಕ್ಯಾಲೆಂಡರ್ ಹಿಂಬದಿಯೂ ನಡೆಯುತ್ತೆ. ಮೊದಲ ವಾರ ಚುಕ್ಕಿ ಇಟ್ಟೋ, ಬಳೆ ಇಟ್ಟು ವೃತ್ತ ಎಳೆದೋ ವಿನ್ಯಾಸ ಮಾಡಿಕೊಂಡು ತುಂಬೋದು ಸುಲಭ. ಮೊಬೈಲ್ ಬೇರೆ ರೂಮಿನಲ್ಲಿರಲಿ, ಇಪ್ಪತ್ತು ನಿಮಿಷ ಸಾಕು. ಸ್ಟೇಟಸ್‌ಗೆ ಹಾಕೋ ಯೋಚನೆ ಬಂದ ಕೂಡಲೇ ಚೆನ್ನಾಗಿ ಬರಬೇಕು ಅನ್ನೋ ಒತ್ತಡ ಶುರುವಾಗುತ್ತೆ, ಆ ಆಸೆ ಬಿಡೋದು ಒಳ್ಳೇದು. ಗಂಡಸರಿಗೆ ಮನೆಯವರ ಮುಂದೆ ನಾಚಿಕೆ ಅನ್ಸಿದ್ರೆ ಮಕ್ಕಳ ಹೋಂವರ್ಕ್ ಹೊತ್ತಲ್ಲಿ ಜೊತೆಗೆ ಕೂತ್ಕೊಬಹುದು.

ಬಿಡಿಸ್ತಾ ಬಿಡಿಸ್ತಾ ಹಳೇ ನೋವು ಉಕ್ಕಿ ಬಂದು ತಡೆಯಲಾಗದಂತೆ ಅಳು ಬರ್ತಿದ್ರೆ ಅಲ್ಲಿಗೇ ನಿಲ್ಲಿಸಿ ಯಾರ ಹತ್ತಿರವಾದ್ರೂ ಮಾತಾಡಬೇಕು. ಎರಡು ವಾರಕ್ಕಿಂತ ಹೆಚ್ಚು ದಿನ ಬೇಜಾರು ಬಿಡದಿದ್ರೆ, ನಿದ್ದೆ, ಊಟ ಸೇರದಿದ್ರೆ, ಬದುಕೇ ಬೇಡ ಅನ್ಸಿದ್ರೆ ಕ್ರೇಯಾನ್ ನೆಚ್ಚಿಕೊಂಡು ಕೂರೋ ಹೊತ್ತಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮಾನಸಿಕ ಕಾಯಿಲೆ ಇರುವವರಲ್ಲಿ 70ರಿಂದ 92% ಜನ ಚಿಕಿತ್ಸೆ ಪಡೀತಿಲ್ಲ. ‘ಜನ ಏನಂತಾರೋ’ ಅನ್ನೋದು ಇದಕ್ಕೆ ಒಂದು ದೊಡ್ಡ ಕಾರಣ.

ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಹೋಗುವ ಮುಂಚೆ ಹೊರರೋಗಿ ವಿಭಾಗದಲ್ಲಿ ದಿನ, ಸಮಯ ಕೇಳಿಕೊಳ್ಳಿ. ಮಾತ್ರೆ ನಡೀತಿದ್ರೆ ಕಡಿಮೆ ಮಾಡೋ ಮಾತು ಡಾಕ್ಟರ ಹತ್ತಿರವೇ ಆಗಬೇಕು. ಬಣ್ಣ ಹಚ್ಚಿದ ಪುಸ್ತಕ ಇದ್ದರೆ ಜೊತೆಗೆ ತಗೊಂಡು ಹೋಗಿ, ಬಾಯಿಬಿಟ್ಟು ಹೇಳೋಕೆ ಕಷ್ಟ ಆದವರಿಗೆ ಅದನ್ನು ತೋರಿಸಿ ಮಾತು ಶುರು ಮಾಡೋದು ಸುಲಭ.